ಸಮವಸ್ತ್ರವೂ ಅಂತರಜಾಲವೂ

ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿ ಬೆಳಗಿನ ಪ್ರಾರ್ಥನೆಗೆ ಸಾಲಾಗಿ ನಿಲ್ಲುವ ಮಕ್ಕಳಲ್ಲಿ ತೆಂಗಿನ ತೋಟದ ಒಡೆಯರ ಮಗಳಾರು, ಆ ತೋಟದಲ್ಲಿ ಕೂಲಿ ಮಾಡುವವರ ಮಗಳಾರು ಎಂಬುದು ಉಡುಪಿನಿಂದ ತಿಳಿಯದು. ಸರ್ಕಾರಿ ಶಾಲೆಯ ಮಕ್ಕಳಿಗೆ ರಾಜ್ಯ ಸರ್ಕಾರವು ಸಮವಸ್ತ್ರವನ್ನು ಉಚಿತವಾಗಿ ಕೊಡುತ್ತದೆ. ಒಮ್ಮೆ ಗೊತ್ತುಪಡಿಸಿದ ಸಮವಸ್ತ್ರವನ್ನು ಐದು ವರ್ಷ ಬದಲಿಸಬಾರದೆಂಬ 1995ರ ರಾಜ್ಯ ನಿಯಮವೂ ಪೋಷಕರ ಕೈಬಿಗಿಯನ್ನು ಅರಿತೇ ಮಾಡಿದಂತಿದೆ.

2020ರ ಮಾರ್ಚಿಯಲ್ಲಿ ಕೊರೋನಾ ಸೋಂಕಿನಿಂದ ಶಾಲೆಗಳು ಮುಚ್ಚಿದುವು. ಸಮವಸ್ತ್ರವು ಗೂಟದಲ್ಲಿ ಉಳಿಯಿತು. ಅದು ಮರೆಮಾಡಿದ್ದ ಅಂತರವು ಬಯಲಾಯಿತು. ಮನೆಯಲ್ಲಿ ಫೋನೂ ಅಂತರಜಾಲವೂ ಉಳ್ಳವರಿಗೆ ಪಾಠ ದೊರೆಯಿತು. ಇಲ್ಲದವರಿಗಾಗಿ ‘ವಿದ್ಯಾಗಮ’ದ ಶಿಕ್ಷಕರು ಊರೂರಿಗೆ ಹೋಗಿ ಮರದ ನೆರಳಿನಲ್ಲಿ, ಗುಡಿಯ ಜಗಲಿಯಲ್ಲಿ ಕಲಿಸಿದರು. (ಎಷ್ಟೋ ಮಕ್ಕಳಿಗೆ ಈ ಪಾಠವೇ ಹೆಚ್ಚು ಹಿಡಿಸಿದ್ದರೆ ಅಚ್ಚರಿಯಿಲ್ಲ.) ಅಕ್ಟೋಬರಿನಲ್ಲಿ ಸೋಂಕಿನ ಭೀತಿಯಿಂದ ಅದನ್ನೂ ನಿಲ್ಲಿಸಬೇಕಾಯಿತು.

ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿಯೇ ಹೇಳಿತ್ತು. ಬಡ ಕುಟುಂಬಗಳಿಗೆ ಅದನ್ನು ಉಚಿತವಾಗಿ ಒದಗಿಸಲು ಆ ರಾಜ್ಯವು 2023ರಲ್ಲಿ ‘ಕೆ-ಫೋನ್’ ಜಾಲವನ್ನು ಆರಂಭಿಸಿತು. ಬಟ್ಟೆ, ಪುಸ್ತಕ, ಮಧ್ಯಾಹ್ನದ ಊಟಗಳ ಸಾಲಿಗೆ ಇದೂ ಸೇರತಕ್ಕದ್ದೇ. ಫೋನು ಮಕ್ಕಳನ್ನು ಆಟಕ್ಕೆ ಸೆಳೆಯುವುದೆಂಬ ಹಿರಿಯರ ಅಂಜಿಕೆ ಸುಳ್ಳಲ್ಲ. ಆದರೆ ಆ ಅಂಜಿಕೆಯಿಂದ ಉಳ್ಳವರ ಮಕ್ಕಳ ಕೈಯಿಂದ ಯಾರೂ ಫೋನನ್ನು ಕಸಿದುಕೊಂಡಿಲ್ಲ.