ಬಾವಿ ಯಾವಾಗ್ಲೂ ತುಂಬಿರ್ಬೇಕು: ತೈಲ ಬಾವಿ ಸರ್ವಿಸಿಂಗ್ ಆಪರೇಟರ್ ಕೆಲಸದಲ್ಲಿ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್

ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವನು ನಾನು, ಕನ್ನಡದಲ್ಲಿ ಟೆಕ್ನಿಕಲ್ ಲೇಖನ ಬರೀತಿರೋದು ಇದೇ ಮೊದಲು. ಒತ್ತಕ್ಷರ ಎಲ್ಲಾದ್ರೂ ತಪ್ಪಿದ್ರೆ ಕ್ಲಬ್‌ನವರು ತಿದ್ದಿರ್ತಾರೆ ಅಂತ ನಂಬಿದ್ದೀನಿ.

ಈ ಲೇಖನ ಶುರುವಾಗಿದ್ದು ಹಾಸ್ಟೆಲ್ ಮೆಸ್‌ನಲ್ಲಿ. ನಮ್ಮ ಫ್ಲೋರಿನ ಫೈನಲ್ ಇಯರ್ ಅಣ್ಣ ಒಬ್ಬರಿಗೆ ಆಯಿಲ್‌ಫೀಲ್ಡ್ ಸರ್ವಿಸ್ ಕಂಪನಿಯೊಂದರಲ್ಲಿ ಆಫರ್ ಬಂತು. ಆಫೀಸ್ ಕೆಲಸ ಅಲ್ಲ, ಫೀಲ್ಡ್. ಮೊದಲ ವರ್ಷ ಪಂಪ್ ಯೂನಿಟ್ ಆಪರೇಟರ್‌ಗಳ ಜೊತೆಯಲ್ಲೇ ನಿಂತು ಕಲೀಬೇಕು. ಊರಿಗೆ ಫೋನ್ ಮಾಡಿ ಹೇಳಿದ್ರೆ ಅವರಮ್ಮ, "ಅಷ್ಟು ಓದಿ ಪೆಟ್ರೋಲ್ ಬಂಕ್ ಕೆಲಸಾನಾ ಮಗಾ?" ಅಂದ್ರಂತೆ. ನಾವೆಲ್ಲಾ ನಕ್ಕೆವು. ಆಮೇಲೆ ಅಣ್ಣ ನಮ್ಮ ಕಡೆ ತಿರುಗಿ, "ಸರಿ, ನೀವು ಹೇಳ್ರೋ, ಏನು ಕೆಲಸ ಅದು? ಅಪಾಯ ಇದೆಯಾ ಅಂತ ಅಪ್ಪ ಕೇಳ್ತಿದ್ದಾರೆ" ಅಂದ್ರು. ಯಾರಿಗೂ ಬಾಯಿ ಬರಲಿಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಎಂಬತ್ತು ತಗೊಂಡ ನನಗೂ ಬರಲಿಲ್ಲ. ಅದಕ್ಕೇ ಕೂತು ಓದಿದೆ.

ನಮ್ಮ ರಾಜ್ಯದಲ್ಲಿ ತೈಲ ಬಾವಿ ಇಲ್ಲ. ಆದ್ರೆ ಬೋರ್‌ವೆಲ್ ನೋಡದೇ ಇರೋರು ಯಾರೂ ಇಲ್ಲ. ನಮ್ಮ ಅಜ್ಜಿ ಊರಲ್ಲಿ ಬೋರ್ ಕೊರೆಸಿ ನಾಲ್ಕು ವರ್ಷಕ್ಕೆ ನೀರು ಕಮ್ಮಿ ಆಯ್ತು. ಮೋಟರ್ ಎತ್ತಿಸಿ, ಕಂಪ್ರೆಸರ್ ಲಾರಿ ಕರೆಸಿ, ಫ್ಲಶಿಂಗ್ ಮಾಡಿಸಿದ್ರು. ಪೈಪುಗಳನ್ನ ಒಂದೊಂದಾಗಿ ಎಳೆದು ನೆಲದ ಮೇಲೆ ಜೋಡಿಸೋದು, ಒಳಗಿನ ಕಸ ತೆಗೆಯೋದು, ಮತ್ತೆ ಇಳಿಸೋದು. ವೆಲ್ ಸರ್ವಿಸಿಂಗ್ ಅಂದ್ರೂ ಹೆಚ್ಚುಕಮ್ಮಿ ಇದೇ. ಬಾವಿ ಕೊರೆಯೋದು ಬೇರೆ ತಂಡದ ಕೆಲಸ. ಕೊರೆದ ಬಾವಿಗೆ ಸಿಮೆಂಟ್ ಹಾಕೋದು, ಹಳೇ ಬಾವಿಯ ಟ್ಯೂಬಿಂಗ್ ಎಳೆದು ರಿಪೇರಿ ಮಾಡೋದು, ಮುಗಿದ ಪದರ ಮುಚ್ಚಿ ಹೊಸ ಪದರ ತೆರೆಯೋದು, ಆಸಿಡ್ ಬಿಡೋದು, ಇವೆಲ್ಲಾ ಸರ್ವಿಸಿಂಗ್‌ನವರದ್ದು. ಅಸ್ಸಾಂ, ಗುಜರಾತಿನ ಮೆಹಸಾಣಾ ಮತ್ತು ಅಂಕಲೇಶ್ವರ, ಆಂಧ್ರದ ಕೃಷ್ಣಾ-ಗೋದಾವರಿ ಕಡೆಯ ಬಾವಿಗಳಲ್ಲಿ ದಿನಾ ನಡೆಯೋ ಕೆಲಸ ಇದು.

ಒಂದೇ ಒಂದು ವ್ಯತ್ಯಾಸ ಇದೆ, ಇಡೀ ಲೇಖನ ಅದರ ಮೇಲೇ ನಿಂತಿದೆ. ಅಜ್ಜಿ ಊರಿನ ಬೋರ್‌ನಲ್ಲಿ ನೀರನ್ನ ಮೇಲೆ ತರೋಕೆ ಒದ್ದಾಡ್ಬೇಕು. ಗ್ಯಾಸ್ ಬಾವಿಯಲ್ಲಿ ಒಳಗಿರೋದನ್ನ ಮೇಲೆ ಬರದ ಹಾಗೆ ತಡೆಯೋಕೆ ಒದ್ದಾಡ್ಬೇಕು.

ತಡೆಯೋದು ಹೇಗೆ? ಮೊದಲನೇ ತಡೆ ಬರೀ ನೀರು. ಸಾದಾ ನೀರು 10 ಮೀಟರ್ ಎತ್ತರಕ್ಕೆ ನಿಂತ್ರೆ ತಳದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಒತ್ತಡ (ಇನ್ಮೇಲೆ ಬರೀ ಕೆಜಿ ಅಂತ ಬರೀತೀನಿ). 3000 ಮೀಟರ್ ಬಾವಿ ತುಂಬಾ ನೀರಿದ್ರೆ ತಳದಲ್ಲಿ 300 ಕೆಜಿ. ಅಲ್ಲಿರೋ ಗ್ಯಾಸ್ ಪದರದ ಒತ್ತಡ 315 ಕೆಜಿ ಅಂತ ಇಟ್ಕೊಳ್ಳಿ. ನೀರು ಸೋಲುತ್ತೆ. ಅದಕ್ಕೆ ಉಪ್ಪು ಬೆರೆಸಿ ಸಾಂದ್ರತೆ 1.10ಕ್ಕೆ ಏರಿಸ್ತಾರೆ. 3000 ಗುಣಿಸು 1.10 ಭಾಗಿಸು 10, ಅಂದ್ರೆ 330 ಕೆಜಿ. ಈಗ ನಮ್ಮ ಕೈ 15 ಕೆಜಿ ಮೇಲೆ. ಬಾವಿಯನ್ನ "ಕಿಲ್" ಮಾಡೋದು ಅಂದ್ರೆ ಇದೇ. ಹೆಸರು ಭಯಂಕರವಾಗಿದೆ, ಒಳಗಿರೋದು ಪಿಯುಸಿ ಫಾರ್ಮುಲಾ.

ಈಗ ಟ್ಯೂಬಿಂಗ್ ಎಳೆಯೋಕೆ ಶುರು ಮಾಡ್ತೀವಿ. ಇಲ್ಲಿಂದ ಸ್ವಲ್ಪ ನಿಧಾನಕ್ಕೆ ಓದಿ, ನಾನೂ ಮೂರು ಸಲ ಲೆಕ್ಕ ಹಾಕಿದ ಮೇಲೇ ತಲೆಗೆ ಹೋಗಿದ್ದು.

ಕೇಸಿಂಗ್ ಒಳಗೆ ಪ್ರತಿ ಮೀಟರಿಗೆ 20 ಲೀಟರ್ ಹಿಡಿಯುತ್ತೆ ಅಂತ ಇಟ್ಕೊಳ್ಳಿ (7 ಇಂಚಿನ ಕೇಸಿಂಗ್‌ಗೆ ಇದು ಹತ್ತಿರದ ಲೆಕ್ಕ). 2⅞ ಇಂಚಿನ ಟ್ಯೂಬಿಂಗ್‌ನ ಉಕ್ಕು ಪ್ರತಿ ಮೀಟರಿಗೆ ಸುಮಾರು 1.2 ಲೀಟರ್ ಜಾಗ ತಗೊಳ್ಳುತ್ತೆ. ಪೈಪಿನ ಒಳಗಿರೋ ನೀರು ಬಾವಿಗೇ ಇಳಿದು ಹೋಗುತ್ತೆ ಅಂದ್ಕೊಳ್ಳಿ. ಹಾಗಾದ್ರೆ 3000 ಮೀಟರ್ ಪೈಪ್ ಪೂರ್ತಿ ಎಳೆದ ಮೇಲೆ 3600 ಲೀಟರ್ ಉಕ್ಕು ಹೊರಗೆ ಬಂದಿರುತ್ತೆ. ಬಕೆಟ್ಟಿನಿಂದ ಚೊಂಬು ಎತ್ತಿದ್ರೆ ನೀರು ಇಳಿಯೋ ಹಾಗೆ, ಬಾವಿಯ ಮಟ್ಟ 3600 ಭಾಗಿಸು 20, ಅಂದ್ರೆ 180 ಮೀಟರ್ ಇಳಿಯುತ್ತೆ. 180 ಮೀಟರ್ ಉಪ್ಪುನೀರು ಅಂದ್ರೆ 19.8 ಕೆಜಿ ಒತ್ತಡ. ನಮ್ಮ ಹತ್ತಿರ ಇದ್ದಿದ್ದೇ 15.

ಸೋರಿಕೆ ಇಲ್ಲ, ಪಂಪ್ ಕೆಟ್ಟಿಲ್ಲ, ಯಾರೂ ತಪ್ಪು ವಾಲ್ವ್ ತಿರುಗಿಸಿಲ್ಲ. ಬರೀ ಪೈಪ್ ಎಳೆದಿದ್ದಕ್ಕೆ ಬಾವಿ ಸೋತು ಹೋಯ್ತು. ಅದೂ ಕೊನೇಲಲ್ಲ, ಸುಮಾರು 2100 ಮೀಟರ್ ಎಳೆಯೋ ಹೊತ್ತಿಗೇ ಆ 15 ಕೆಜಿ ಖಾಲಿ. (ಇಲ್ಲಿ 20ರಿಂದ ಭಾಗಿಸಬಾರದು, 18.8ರಿಂದ ಭಾಗಿಸ್ಬೇಕು. ಯಾಕಂದ್ರೆ ಇನ್ನೂ ಪೈಪ್ ಬಾವಿ ಒಳಗೇ ಇದೆ, ನೀರಿಗೆ ಉಳಿದಿರೋ ಜಾಗ ಅಷ್ಟೇ.)

ಅದಕ್ಕೇ ಪೈಪ್ ಎಳೆಯೋವಾಗ ಪಕ್ಕದಲ್ಲಿ ಒಬ್ಬ ಆಪರೇಟರ್ ಬಾವಿಗೆ ನೀರು ತುಂಬಿಸ್ತಾನೇ ಇರ್ತಾರೆ. ನೋಡೋರಿಗೆ ತೋಟಕ್ಕೆ ನೀರು ಬಿಡೋ ಕೆಲಸದ ಹಾಗೆ ಕಾಣುತ್ತೆ. ಆದ್ರೆ ಅವರು ನೀರು ತುಂಬಿಸ್ತಿರೋದಷ್ಟೇ ಅಲ್ಲ, ಅಳೀತಾನೂ ಇರ್ತಾರೆ. ಒಂದು ಪೈಪ್ 9.5 ಮೀಟರ್ ಅಂದ್ರೆ 10 ಪೈಪ್ ಎಳೆದಾಗ ಬಾವಿ 114 ಲೀಟರ್ ಕುಡೀಬೇಕು. 60 ಲೀಟರಿಗೇ ಬಾವಿ ತುಂಬಿತು ಅಂದ್ರೆ ಉಪ್ಪುನೀರು ಉಳೀತು ಅಂತ ಖುಷಿ ಪಡೋ ವಿಷಯ ಅಲ್ಲ. ಮಿಕ್ಕ 54 ಲೀಟರ್ ಜಾಗದಲ್ಲಿ ಕೆಳಗಿನಿಂದ ಬಂದ ಗ್ಯಾಸ್ ಕೂತಿದೆ.

54 ಲೀಟರ್ ಅಂದ್ರೆ ಎರಡೂವರೆ ಕ್ಯಾನ್ ನೀರಿನಷ್ಟು, ಅಷ್ಟಕ್ಕೆ ಯಾಕೆ ಹೆದರ್ಬೇಕು ಅಂತ ನನಗೂ ಅನಿಸ್ತು. ಬಾಯ್ಲ್ ನಿಯಮ ಹಾಕಿ ನೋಡಿ. ತಳದಲ್ಲಿ 315 ಕೆಜಿ ಒತ್ತಡದಲ್ಲಿದ್ದ 54 ಲೀಟರ್ ಗ್ಯಾಸ್ ನೆಲಮಟ್ಟಕ್ಕೆ ಬಂದಾಗ ಉಷ್ಣಾಂಶ ಎಲ್ಲಾ ಬಿಟ್ಟು ಒರಟು ಲೆಕ್ಕದಲ್ಲಿ 17,000 ಲೀಟರ್ ಆಗುತ್ತೆ. ಇನ್ನೂ ಕೆಟ್ಟ ವಿಷಯ ಅಂದ್ರೆ ಅದು ಸಮನಾಗಿ ಹಿಗ್ಗಲ್ಲ. ಅರ್ಧ ದಾರಿ ಬಂದಾಗ ಬರೀ ಎರಡು ಪಟ್ಟು ಆಗಿರುತ್ತೆ, ಮೇಲೆ ಏನೂ ಗೊತ್ತಾಗಲ್ಲ. ಕೊನೇ ಕೆಲವು ನೂರು ಮೀಟರಿನಲ್ಲಿ ಒಮ್ಮೆಲೇ ಉಬ್ಬಿ ತನ್ನ ಮೇಲಿರೋ ನೀರನ್ನೆಲ್ಲಾ ಹೊರಗೆ ದಬ್ಬುತ್ತೆ. ನೀರು ಹೋದ್ರೆ ಒತ್ತಡ ಇನ್ನೂ ಕಮ್ಮಿ, ಕಮ್ಮಿ ಆದ್ರೆ ಇನ್ನಷ್ಟು ಗ್ಯಾಸ್. ಅಂದ್ರೆ ಎಚ್ಚರಿಕೆ ಕೊಟ್ಟಿದ್ದು ಆ 60 ಲೀಟರ್ ರೀಡಿಂಗ್ ಒಂದೇ. ಲ್ಯಾಬ್‌ನಲ್ಲಿ ಮ್ಯಾನೋಮೀಟರ್ ರೀಡಿಂಗನ್ನ ಪಕ್ಕದ ಬ್ಯಾಚ್‌ನಿಂದ ಕಾಪಿ ಮಾಡಿದ್ದು ನೆನಪಾಗಿ ನನಗೆ ಒಂಥರಾ ಆಯ್ತು.

ಇನ್ನು ಪಂಪ್ ವಿಷಯ. ಸಿಮೆಂಟಿಂಗ್ ಯೂನಿಟ್ ಅಂದ್ರೆ ಲಾರಿ ಮೇಲೆ ಕೂರಿಸಿರೋ ಟ್ರಿಪ್ಲೆಕ್ಸ್ ಪಂಪ್, ಮೂರು ಪ್ಲಂಜರ್‌ಗಳದ್ದು. 200 ಕೆಜಿ ಒತ್ತಡದಲ್ಲಿ ನಿಮಿಷಕ್ಕೆ 500 ಲೀಟರ್ ಕಳಿಸಿದ್ರೆ ನೀರಿಗೆ ಹೋಗ್ತಿರೋ ಶಕ್ತಿ ಸುಮಾರು 163 ಕಿಲೋವ್ಯಾಟ್. ನಮ್ಮ ಮನೆಯ ಸೆಂಟ್ರಿಫ್ಯೂಗಲ್ ಪಂಪಿನ ಔಟ್‌ಲೆಟ್ ಮುಚ್ಚಿದ್ರೆ ಅದು ಸುಮ್ಮನೆ ತಿರುಗುತ್ತೆ. ಪ್ಲಂಜರ್ ಪಂಪ್ ಹಾಗಲ್ಲ, ಪ್ರತಿ ಸ್ಟ್ರೋಕ್‌ಗೂ ಅಷ್ಟು ನೀರು ಹೋಗಲೇಬೇಕು. ಮುಂದೆ ವಾಲ್ವ್ ಮುಚ್ಚಿದ್ರೆ ಕಣ್ಣು ಮಿಟುಕಿಸೋದ್ರೊಳಗೆ ಒತ್ತಡ ಏರಿ ಯಾವುದೋ ಒಂದು ಕಡೆ ಒಡೆಯುತ್ತೆ. ಅದಕ್ಕೆ ಕೆಲಸಕ್ಕೆ ಮುಂಚೆ ಲೈನಿಗೆ ಪ್ರೆಷರ್ ಟೆಸ್ಟ್ ಮಾಡ್ತಾರೆ. ಎಲ್ಲರನ್ನೂ ದೂರ ಕಳಿಸಿ, ಬರಬಹುದಾದ ಒತ್ತಡಕ್ಕಿಂತ ಜಾಸ್ತಿ ಏರಿಸಿ, ಸ್ವಲ್ಪ ಹೊತ್ತು ಹಿಡಿದು, ಮುಳ್ಳು ಇಳಿಯುತ್ತಾ ನೋಡ್ತಾರೆ. ಗಾಳಿ ಒಳಗೆ ಉಳೀದ ಹಾಗೆ ಮೊದಲು ನೀರು ತುಂಬಿಸ್ತಾರೆ, ಯಾಕಂದ್ರೆ ಅದುಮಿದ ಗಾಳಿ ಸ್ಪ್ರಿಂಗ್ ಇದ್ದ ಹಾಗೆ.

ಲೈನಿನ ಪೈಪುಗಳನ್ನ ಜೋಡಿಸೋದು ಹ್ಯಾಮರ್ ಯೂನಿಯನ್‌ನಿಂದ. ರೆಕ್ಕೆ ಇರೋ ನಟ್‌ಗೆ ಸುತ್ತಿಗೆಯಲ್ಲಿ ಹೊಡೆದು ಬಿಗಿ ಮಾಡ್ತಾರೆ. ಅದರ ಮೇಲೆ ನಂಬರ್ ಇರುತ್ತೆ: 602 ಅಂದ್ರೆ 6,000 ಪಿಎಸ್‌ಐ, 1502 ಅಂದ್ರೆ 15,000 ಪಿಎಸ್‌ಐ. 2 ಇಂಚಿನ ಸೈಜಿನಲ್ಲಿ ಒಂದು ಕೆಟ್ಟ ಗುಣ ಇದೆ. 1502ರ ನಟ್ 602ರ ಥ್ರೆಡ್ ಮೇಲೂ ಕೂರುತ್ತೆ. ಸುತ್ತಿಗೆ ಏಟಿಗೆ ಬಿಗಿಯೂ ಆಗುತ್ತೆ, ಸ್ವಲ್ಪ ಒತ್ತಡ ತಡೆಯಲೂಬಹುದು, ಆದ್ರೆ ಹಲ್ಲುಗಳು ಪೂರ್ತಿ ಕಚ್ಚಿರಲ್ಲ. ಆಮೇಲೆ ಒಮ್ಮೆ ಬಿಟ್ಟುಕೊಂಡ್ರೆ ಪೈಪ್ ಹಾರುತ್ತೆ. ಇಂಥ ತಪ್ಪು ಜೋಡಣೆಯಿಂದ ಫೀಲ್ಡಲ್ಲಿ ಜನ ಸತ್ತಿದ್ದಾರೆ. ಮಷಿನ್ ಡ್ರಾಯಿಂಗ್ ಕ್ಲಾಸಿನಲ್ಲಿ ಥ್ರೆಡ್ ಪ್ರೊಫೈಲ್ ಬರೆಯೋವಾಗ "ಇದೆಲ್ಲಾ ಯಾಕೆ ಗುರು" ಅಂದಿದ್ದೆ. ಇದಕ್ಕೆ.

ಈಗ ಬಾಘ್‌ಜಾನ್. ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯಲ್ಲಿ, ಡಿಬ್ರು-ಸೈಖೋವಾ ನ್ಯಾಷನಲ್ ಪಾರ್ಕ್ ಹತ್ತಿರ, ಆಯಿಲ್ ಇಂಡಿಯಾದ ಬಾಘ್‌ಜಾನ್-5 ಅನ್ನೋ ಗ್ಯಾಸ್ ಬಾವಿ. 2020ರ ಮೇ 27ರಂದು ಅಲ್ಲಿ ನಡೀತಿದ್ದಿದ್ದು ಡ್ರಿಲ್ಲಿಂಗ್ ಅಲ್ಲ, ವರ್ಕ್‌ಓವರ್, ಅಂದ್ರೆ ಇದೇ ಸರ್ವಿಸಿಂಗ್.

ಏನಾಯ್ತು ಅಂತ ಅರ್ಥ ಆಗ್ಬೇಕಾದ್ರೆ ಬಾವಿಯ ಬಾಯಿ ನೋಡ್ಬೇಕು. ಗ್ಯಾಸ್ ಕೊಡೋ ಬಾವಿಯ ಮೇಲೆ ವಾಲ್ವ್‌ಗಳ ಗೊಂಚಲು ಇರುತ್ತೆ, ಕ್ರಿಸ್‌ಮಸ್ ಟ್ರೀ ಅಂತಾರೆ. ಅದು ಇದ್ದಾಗ ಟ್ಯೂಬಿಂಗ್ ಎಳೆಯೋಕೆ ಆಗಲ್ಲ. ಹಾಗಾಗಿ ಬಾವಿ ಕಿಲ್ ಮಾಡಿ, ಟ್ರೀ ತೆಗೆದು, ಆ ಜಾಗಕ್ಕೆ ಬ್ಲೋಔಟ್ ಪ್ರಿವೆಂಟರ್, ಬಿಒಪಿ, ಕೂರಿಸ್ತಾರೆ. ತುರ್ತಿನಲ್ಲಿ ಬಾವಿಯನ್ನ ಕಚ್ಚಿ ಮುಚ್ಚೋ ದೊಡ್ಡ ಹೈಡ್ರಾಲಿಕ್ ವಾಲ್ವ್ ಅದು. ಕೆಲಸ ಮುಗಿದ ಮೇಲೆ ಬಿಒಪಿ ತೆಗೆದು ಮತ್ತೆ ಟ್ರೀ. ಅಂದ್ರೆ ಒಂದು ತೆಗೆದು ಇನ್ನೊಂದು ಕೂರಿಸೋ ಮಧ್ಯೆ ಬಾವಿಗೆ ಮುಚ್ಚಳವೇ ಇಲ್ಲದ ಒಂದು ಹೊತ್ತು ಬಂದೇ ಬರುತ್ತೆ. ಆಗ ಕಾಯೋದು ಒಳಗಿನ ನೀರು, ಜೊತೆಗೆ ಸಿಮೆಂಟ್ ಪ್ಲಗ್ ಥರದ ಇನ್ನೊಂದು ತಡೆ. ಎರಡು ತಡೆ ಇರ್ಬೇಕು, ಎರಡೂ ಟೆಸ್ಟ್ ಆಗಿರ್ಬೇಕು ಅನ್ನೋದು ಈ ಉದ್ಯಮದ ಮೂಲ ನಿಯಮ.

ಬಾಘ್‌ಜಾನ್‌ನಲ್ಲಿ ಸಿಮೆಂಟ್ ಪ್ಲಗ್ ಹಾಕಿದ್ರು. ಬಿಒಪಿ ತೆಗೆದಿದ್ದ ಹೊತ್ತಿನಲ್ಲಿ ಗ್ಯಾಸ್ ಬಂತು. ಆ ಪ್ಲಗ್ ಗಟ್ಟಿಯಾಗೋಕೆ ಸಾಕಷ್ಟು ಹೊತ್ತು ಕಾಯ್ದೇ ಬಿಒಪಿ ತೆಗೆದಿದ್ದು, ಮೇಲ್ವಿಚಾರಣೆ ಸಾಲದ್ದು, ಇವೇ ಆಮೇಲಿನ ತನಿಖೆಗಳಲ್ಲಿ ಎದ್ದು ಬಂದ ಮಾತುಗಳು. ಮನೆ ಕಟ್ಟಿಸೋರಿಗೆಲ್ಲಾ ಗೊತ್ತು, ಸಿಮೆಂಟಿಗೆ ಅವಸರ ಮಾಡಿದ್ರೆ ಆಗಲ್ಲ ಅಂತ. ಬಾವಿ ತಳದ ಬಿಸಿ ಮತ್ತು ಒತ್ತಡಕ್ಕೆ ಎಷ್ಟು ಗಂಟೆ ಬೇಕು ಅನ್ನೋದನ್ನ ಲ್ಯಾಬ್‌ನಲ್ಲಿ ಸ್ಯಾಂಪಲ್ ಇಟ್ಟು ನೋಡ್ತಾರೆ. ಆದ್ರೆ ರಿಗ್‌ಗೆ ದಿನದ ಬಾಡಿಗೆ ಇರುತ್ತೆ. ಕಾಯೋ ಗಂಟೆಗಳು ಕಾಗದದ ಮೇಲೆ ವೇಸ್ಟ್ ಅಂತಲೇ ಕಾಣೋದು. ನನ್ನ ಪ್ರಕಾರ ಪಾಠದ ಕಷ್ಟದ ಭಾಗ ಇದು, ಹೈಡ್ರೋಸ್ಟ್ಯಾಟಿಕ್ಸ್ ಅಲ್ಲ.

ಜೂನ್ 9ಕ್ಕೆ ಬಾವಿಗೆ ಬೆಂಕಿ ಹತ್ತಿತು. ಕಂಪನಿಯ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಸತ್ತರು. ಸುತ್ತಲ ಹಳ್ಳಿಗಳ ಸಾವಿರಾರು ಜನ ಮನೆ ಬಿಟ್ಟು ಕ್ಯಾಂಪ್ ಸೇರಿದ್ರು. ಪಕ್ಕದ ಮಾಗುರಿ-ಮೋಟಾಪುಂಗ್ ಕೆರೆಯ ಮೀನು, ಹಕ್ಕಿಗಳಿಗೂ ಹೊಡೆತ ಬಿತ್ತು. ಸೆಪ್ಟೆಂಬರಿನಲ್ಲಿ ಅಲ್ಲೇ ಕೆಲಸ ಮಾಡ್ತಿದ್ದ ಎಂಜಿನಿಯರ್ ಒಬ್ಬರು ವಿದ್ಯುತ್ ಶಾಕ್‌ನಿಂದ ತೀರಿಕೊಂಡ್ರು. ಬಾವಿ ಪೂರ್ತಿ ಕಿಲ್ ಆಗಿದ್ದು ನವೆಂಬರ್ 15ಕ್ಕೆ. ಮೇ 27ರಿಂದ ಎಣಿಸಿ ನೋಡಿ, ಐದೂವರೆ ತಿಂಗಳು. ಅದಕ್ಕೆ ಕೆನಡಾದಿಂದ ಸ್ನಬ್ಬಿಂಗ್ ಯೂನಿಟ್ ತರಿಸಬೇಕಾಯ್ತು. ಒತ್ತಡ ಇರೋ ಬಾವಿಯ ಒಳಕ್ಕೇ ಪೈಪನ್ನ ಒತ್ತಿ ತಳ್ಳೋ ಯಂತ್ರ ಅದು. ಕೊನೆಗೆ ಮಾಡಿದ್ದೂ ಮೊದಲಿನ ಕೆಲಸವೇ, ಭಾರದ ದ್ರವ ತುಂಬಿಸೋದು.

ಅಣ್ಣನ ಅಪ್ಪ ಕೇಳಿದ ಪ್ರಶ್ನೆಗೆ ಬರ್ತೀನಿ. ಅಪಾಯ ಇದೆ. 12 ಗಂಟೆ ಶಿಫ್ಟ್, ಸುತ್ತಿಗೆ, ಕ್ರೇನ್, ರಾತ್ರಿ ಮಳೆಯಲ್ಲಿ ಲಾರಿ ಪ್ರಯಾಣ. ಕೆಲವು ಬಾವಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತೆ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಗೊತ್ತಾಗುತ್ತಲ್ಲ ಅನ್ಬೇಡಿ, ಸುಮಾರು 100 ಪಿಪಿಎಂ ದಾಟಿದ್ರೆ ಮೂಗೇ ಕೆಲಸ ನಿಲ್ಲಿಸುತ್ತೆ, ವಾಸನೆ ಹೋಯ್ತು ಅಂತ ನೆಮ್ಮದಿ ಆಗೋದು ಆಗಲೇ. ಗಾಳಿಗಿಂತ ಭಾರ, ಆದ್ದರಿಂದ ತಗ್ಗಿನ ಕಡೆ ಓಡಬಾರದು. ಗಾಳಿಚೀಲ ನೋಡಿ ಗಾಳಿ ಬರೋ ದಿಕ್ಕಿಗೆ ಹೋಗ್ಬೇಕು.

ಇನ್ನೊಂದು ಅಪಾಯ ಬೇರೆ ಥರದ್ದು. ಬಿಇ ಮುಗಿಸಿ ಇಪ್ಪತ್ತೆರಡಕ್ಕೆ ಹೋಗೋ ನಮ್ಮಂಥವರು ಸ್ವಲ್ಪ ದಿನಕ್ಕೇ ಇಪ್ಪತ್ತು ವರ್ಷ ಅನುಭವ ಇರೋ ಐಟಿಐ ಆಪರೇಟರ್‌ಗೆ ಆರ್ಡರ್ ಕೊಡೋ ಜಾಗಕ್ಕೆ ಬರ್ತೀವಿ. ಆ ಆಪರೇಟರ್, "ಸರ್, ಬಾವಿ ಕಮ್ಮಿ ಕುಡೀತಿದೆ, ನಿಲ್ಸೋಣ" ಅಂದಾಗ ಮೇಲಿನವರಿಂದ "ಇನ್ನೂ ಮುಗಿದಿಲ್ವಾ" ಅಂತ ಫೋನ್ ಬರ್ತಾ ಇರುತ್ತೆ. ಯಾರು ಬೇಕಾದ್ರೂ ಕೆಲಸ ನಿಲ್ಲಿಸಬಹುದು ಅಂತ ನಿಯಮ ಬಹುಪಾಲು ಕಂಪನಿಗಳಲ್ಲಿದೆ. ನಿಲ್ಲಿಸಿದವನನ್ನ ಆಮೇಲೆ ಹೇಗೆ ನೋಡ್ಕೋತಾರೆ ಅನ್ನೋದನ್ನ ಸೇರೋ ಮುಂಚೆ ಸೀನಿಯರ್ಸ್ ಹತ್ತಿರ ಕೇಳಿ ತಿಳ್ಕೊಳ್ಳಿ ಅಂತ ಅಣ್ಣನಿಗೆ ಹೇಳಿದೆ. ಸಂಬಳಕ್ಕಿಂತ ಮೊದಲು ಅದನ್ನೇ ಕೇಳಿ ಅಂದೆ. ಅವರು ಕೇಳಿದ್ದಾರೆ. ಜುಲೈನಲ್ಲಿ ಸೇರ್ತಿದ್ದಾರೆ. ಅಮ್ಮನಿಗೆ "ಬೋರ್ ಫ್ಲಶಿಂಗ್ ಥರ, ಆದ್ರೆ ಉಲ್ಟಾ" ಅಂತ ಹೇಳಿದ್ರಂತೆ.

ಒಂದು ಲೆಕ್ಕ ನಿಮಗೆ. ಮೇಲಿನ ಅದೇ ಬಾವಿಗೆ 1.10ರ ಬದಲು 1.12 ಸಾಂದ್ರತೆಯ ಉಪ್ಪುನೀರು ಹಾಕಿದ್ರೆ, ಒಂದು ಹನಿಯೂ ತುಂಬಿಸದೆ ಪೂರ್ತಿ ಪೈಪ್ ಎಳೆಯಬಹುದಾ? ತಳದಲ್ಲಿ 336 ಕೆಜಿ, ಮಾರ್ಜಿನ್ 21. 180 ಮೀಟರ್ ಇಳಿದ್ರೆ ಕಳ್ಕೊಳ್ಳೋದು 20.16. ಕಾಗದದ ಮೇಲೆ 0.84 ಕೆಜಿ ಉಳೀತು, ಎಳೆಯಬಹುದು ಅಂತ ಉತ್ತರ ಬರುತ್ತೆ. ಆದ್ರೆ ಪೈಪನ್ನ ಜೋರಾಗಿ ಎಳೆದಾಗ ಅದು ಸಿರಿಂಜಿನ ಪಿಸ್ಟನ್ ಥರ ಕೆಳಗಿನಿಂದ ಹೀರುತ್ತೆ, ಆ ಹೀರುವಿಕೆಯ ಒತ್ತಡ ನಮ್ಮ ಲೆಕ್ಕದಲ್ಲಿ ಸೇರಿಲ್ಲ. 0.84 ಕೆಜಿ ಅಂದ್ರೆ ಏಳೂವರೆ ಮೀಟರ್ ಉಪ್ಪುನೀರು, ಒಂದು ಪೈಪಿನ ಉದ್ದವೂ ಇಲ್ಲ.