ಕುದಿಯುವ ನೀರು, ಕುಡಿಯುವ ನೀರು

ಕಳೆದ ವರ್ಷ ಮನೆಪಾಠ ಹೇಳುವ ಒಂದು ಕೆಲಸಕ್ಕಾಗಿ ನಾನು ಇಂಗ್ಲಿಷಿನಲ್ಲಿ ಅರ್ಜಿ ಬರೆದೆನು. ‘ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ಟೀಚಿಂಗ್’ ಎಂಬುದು ಅದರ ಮೊದಲ ವಾಕ್ಯ. ಓದಿದವರು ನಕ್ಕು, “ಆಸಕ್ತಿ ನಿಮಗಿದೆಯೋ, ನಿಮ್ಮನ್ನು ಕಂಡವರಿಗೆ ಹುಟ್ಟುತ್ತದೆಯೋ?” ಎಂದು ಕೇಳಿದರು. ಕೆಲಸ ಸಿಕ್ಕಲಿಲ್ಲ. ಕೊಕ್ಕನೂರಿನ ನಮ್ಮ ಮನೆಯಲ್ಲಿ ಇಂಗ್ಲಿಷನ್ನು ತಿದ್ದಿಕೊಡುವವರು ಯಾರೂ ಇಲ್ಲವಾದ್ದರಿಂದ ಆ ‘ಇಂಗ್’ ಎಂಬ ಬಾಲದ ಮರ್ಮವನ್ನು ನಾನೇ ಹುಡುಕಿಕೊಳ್ಳಬೇಕಾಯಿತು. ತಿಳಿದಷ್ಟನ್ನು ಸಹಪಾಠಿ ಮಿತ್ರರ ಮುಂದಿಡುತ್ತೇನೆ.

ಈ ದಾರಿಯಲ್ಲಿ ನನಗೆ ಮೊದಲು ಕೈಹಿಡಿದದ್ದು ಕನ್ನಡ ವ್ಯಾಕರಣ. ಧಾತುವಿಗೆ ಕೃತ್ ಪ್ರತ್ಯಯ ಸೇರಿ ಆಗುವ ರೂಪಗಳನ್ನು ಹೈಸ್ಕೂಲಿನಲ್ಲಿಯೇ ಮೂರು ಬಗೆಯಾಗಿ ಓದಿದ್ದೇವೆ. ‘ಓಡುವ’ ಎಂಬುದು ಕೃದಂತನಾಮ. ‘ಓಟ’, ‘ಓಡುವಿಕೆ’ ಎಂಬಿವು ಕೃದಂತ ಭಾವನಾಮ. ‘ಓಡಿ’, ‘ಓಡುತ್ತ’ ಎಂಬಿವು ಕೃದಂತಾವ್ಯಯ. ಕನ್ನಡದಲ್ಲಿ ಪ್ರತ್ಯಯವೇ ಪದದ ಕುಲವನ್ನು ಹೇಳಿಬಿಡುತ್ತದೆ. ಇಂಗ್ಲಿಷಾದರೋ ಈ ಮೂರಕ್ಕೂ ‘ರನ್ನಿಂಗ್’ ಎಂಬ ಒಂದೇ ಅಂಗಿಯನ್ನು ತೊಡಿಸುತ್ತದೆ. ‘ಹಿ ಕೇಮ್ ರನ್ನಿಂಗ್’ ಎಂದರೆ ಓಡುತ್ತ ಬಂದನು, ಇದು ಪಾರ್ಟಿಸಿಪಲ್. ‘ರನ್ನಿಂಗ್ ಈಸ್ ಗುಡ್’ ಎಂದರೆ ಓಡುವುದು ಒಳ್ಳೆಯದು. ನಾಮಪದದ ಸ್ಥಾನದಲ್ಲಿ ನಿಂತುದರಿಂದ ಇದು ಜೆರಂಡ್.

ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇವು ಬೇರೆ ಬೇರೆಯಾಗಿಯೇ ಇದ್ದವು. ಪಾರ್ಟಿಸಿಪಲ್ಲಿಗೆ ‘ಎಂಡೆ’ ಎಂಬ ಪ್ರತ್ಯಯ, ಭಾವನಾಮಕ್ಕೆ ‘ಉಂಗ್’ ಅಥವಾ ‘ಇಂಗ್’. ಮುಂದಿನ ಶತಮಾನಗಳಲ್ಲಿ ‘ಎಂಡೆ’ ಮರೆಯಾಗಿ ‘ಇಂಗ್’ ಒಂದೇ ಎರಡಕ್ಕೂ ನಿಂತಿತು. ನಮ್ಮ ತಲೆನೋವು ಹುಟ್ಟಿದ್ದು ಅಲ್ಲಿ.

ಕನ್ನಡಕ್ಕೆ ತಿರುಗಿಸಿ ನೋಡಿದರೆ ಎಲ್ಲವೂ ಬಗೆಹರಿಯುವುದೆಂದು ಕೆಲವು ದಿನ ಬೀಗುತ್ತಿದ್ದೆನು. ಒಂದು ಸಂಜೆ ಒಲೆಯ ಮುಂದೆ ಕುಳಿತಿದ್ದಾಗ ಆ ಗರ್ವವಿಳಿಯಿತು. ‘ಬಾಯ್ಲಿಂಗ್ ವಾಟರ್’ ಕುದಿಯುವ ನೀರು. ‘ಡ್ರಿಂಕಿಂಗ್ ವಾಟರ್’ ಕುಡಿಯುವ ನೀರು. ಕನ್ನಡದಲ್ಲಿ ಎರಡೂ ಕೃದಂತನಾಮಗಳೇ! ಆದರೆ ಕುದಿಯುವುದು ನೀರು, ಕುಡಿಯುವವರು ನಾವು. ನಮ್ಮ ‘ಉವ’ ಪ್ರತ್ಯಯ ಬಹು ಉದಾರಿ. ಉಳುವ ರೈತ, ಉಳುವ ಹೊಲ, ಉಳುವ ನೇಗಿಲು ಎಂದು ಕರ್ತೃ, ಕರ್ಮ, ಕರಣ ಮೂವರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಆದುದರಿಂದ ಅನುವಾದದ ಬಳಿಕ ಇನ್ನೊಂದು ಪ್ರಶ್ನೆ ಕೇಳಬೇಕು: ಆ ಕೆಲಸವನ್ನು ಮಾಡುವುದು ಮುಂದಿನ ನಾಮಪದವೇ? ಹೌದಾದರೆ ಪಾರ್ಟಿಸಿಪಲ್. ಅಲ್ಲವಾಗಿ, ‘ವಾಟರ್ ಫಾರ್ ಡ್ರಿಂಕಿಂಗ್’ ಎಂದು ಬಿಡಿಸಲು ಬಂದರೆ ಜೆರಂಡ್. ‘ಸ್ಲೀಪಿಂಗ್ ಚೈಲ್ಡ್’, ‘ಸ್ಲೀಪಿಂಗ್ ಬ್ಯಾಗ್’ ಎಂಬ ಜೋಡಿಯನ್ನು ಹೀಗೆಯೇ ಒರೆಗೆ ಹಚ್ಚಿ ನೋಡಬಹುದು, ಚೀಲ ನಿದ್ರಿಸುವುದಿಲ್ಲವಷ್ಟೆ. ಉಚ್ಚಾರದಲ್ಲಿಯೂ ಸುಳಿವುಂಟು: ‘ಡ್ರಿಂಕಿಂಗ್ ವಾಟರ್’ ಎನ್ನುವಾಗ ಒತ್ತು ಮೊದಲ ಪದದ ಮೇಲೆ ಬೀಳುತ್ತದೆ.

ಉಳಿದದ್ದು ಅಡ್ಜೆಕ್ಟಿವ್. ಇದಕ್ಕೆ ‘ವೆರಿ’ ಎಂಬುದೇ ಒರೆಗಲ್ಲು. ‘ವೆರಿ ಟೈರಿಂಗ್ ಜರ್ನಿ’ ಎನ್ನಬಹುದು. ‘ವೆರಿ ಸ್ಲೀಪಿಂಗ್ ಚೈಲ್ಡ್’ ಎನ್ನಲಾಗದು. ಧಾತುವಿನಿಂದ ಹುಟ್ಟಿದರೂ ‘ಟೈರಿಂಗ್’ ಇಲ್ಲಿ ಕ್ರಿಯೆಯನ್ನು ಬಿಟ್ಟು ಗುಣವನ್ನು ಹೇಳುತ್ತಿದೆ.

2002ರಲ್ಲಿ ಕೇಂಬ್ರಿಜ್ ಪ್ರಕಟಿಸಿದ ಬೃಹತ್ ವ್ಯಾಕರಣದಲ್ಲಿ ಹಡಲ್‌ಸ್ಟನ್ ಮತ್ತು ಪುಲಂ ಎಂಬ ವಿದ್ವಾಂಸರು, ಕ್ರಿಯಾರೂಪದ ಮಟ್ಟಿಗೆ ಜೆರಂಡ್ ಬೇರೆ, ಪಾರ್ಟಿಸಿಪಲ್ ಬೇರೆ ಎನ್ನಲು ಆಧಾರವಿಲ್ಲವೆಂದು ಎರಡನ್ನೂ ‘ಜೆರಂಡ್-ಪಾರ್ಟಿಸಿಪಲ್’ ಎಂಬ ಒಂದೇ ಹೆಸರಿನಿಂದ ಕರೆದಿದ್ದಾರೆ. ಇದನ್ನು ಓದಿದಾಗ ನನಗೆ ಸಮಾಧಾನವೂ ಆಯಿತು, ಸ್ವಲ್ಪ ಸಿಟ್ಟೂ ಬಂದಿತು. ಪರೀಕ್ಷೆಯಲ್ಲಿ ಮಾತ್ರ ಹಳೆಯ ಹೆಸರುಗಳನ್ನೇ ಬರೆಯುವುದು ಕ್ಷೇಮ.

ಇನ್ನು ನನ್ನ ಅರ್ಜಿಯ ವಾಕ್ಯ. ಭಾವವನ್ನು ಹುಟ್ಟಿಸುವುದಕ್ಕೆ ‘ಇಂಗ್’, ಭಾವವನ್ನು ಅನುಭವಿಸುವವನಿಗೆ ‘ಎಡ್’. ಪಾಠ ‘ಇಂಟರೆಸ್ಟಿಂಗ್’, ನಾನು ‘ಇಂಟರೆಸ್ಟೆಡ್’ ಆಗಬೇಕಿತ್ತು. ಎರಡೂ ಅಡ್ಜೆಕ್ಟಿವ್‌ಗಳಾದುದರಿಂದ ‘ವೆರಿ’ಯಲ್ಲಿ ತಪ್ಪಿಲ್ಲ. ‘ಇನ್’ ಎಂಬ ಪ್ರಿಪೊಸಿಷನ್ನಿನ ನಂತರ ಬಂದ ‘ಟೀಚಿಂಗ್’ ಶುದ್ಧ ಜೆರಂಡ್. ಅದನ್ನು ಮಾತ್ರ ಅರಿಯದೆಯೇ ಸರಿಯಾಗಿ ಬರೆದಿದ್ದೆನು.