ಆಲಿಕಲ್ಲು ಮಳೆಗೆ ಮುನ್ನ

ಮುಂಗಾರಿನ ಮಳೆಗಾಗಿ ಆಕಾಶದತ್ತ ದಿಟ್ಟಿಸುವ ರೈತನೇ ಫಾಲ್ಗುಣ ಮಾಸದಲ್ಲಿ ಮೋಡವನ್ನು ಕಂಡರೆ ಅಂಜುತ್ತಾನೆ. ಇದಕ್ಕೆ ಕಾರಣವಿಲ್ಲದಿಲ್ಲ. ಕೃಷ್ಣಾ ಮತ್ತು ಭೀಮಾ ನದಿಗಳು ಹರಿಯುವ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಶಿರವಾಳವೆಂಬ ಗ್ರಾಮವಿದೆ. ಪುರಾತನ ದೇವಾಲಯಗಳಿಂದ ಹೆಸರಾದ ಊರು ಅದು. ಆ ಸೀಮೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಮಾಗಿ, ಕೊಯ್ಲಾಗಿ, ತೆನೆ ಕಣಕ್ಕೆ ಬರುವುದು ಚಳಿಗಾಲ ಹಿಂದೆ ಸರಿದು ಬೇಸಗೆ ಕಾಲಿಡುವ ಸಂಧಿಕಾಲದಲ್ಲಿ. ಆಗ ಹಲವು ತಿಂಗಳ ದುಡಿಮೆಯೆಲ್ಲ ತೆನೆಯ ರೂಪದಲ್ಲಿ ಬಯಲಿನಲ್ಲಿ ಬಿದ್ದಿರುತ್ತದೆ. ಅದನ್ನು ಕೆಡಿಸಲು ಅರ್ಧ ಗಂಟೆಯ ಗಾಳಿ ಮಳೆ ಸಾಕು.

ಹಿಮಾಲಯದ ನಾಡುಗಳಲ್ಲಿ ಚಳಿಗಾಲದ ಕೊನೆಗೂ ಹಿಮದ ಬಿರುಗಾಳಿ ಬೀಸುವುದುಂಟು. ಅಲ್ಲಿಯ ಜನರು ಉರುವಲನ್ನೂ ಮೇವನ್ನೂ ಮೊದಲೇ ಕೂಡಿಟ್ಟುಕೊಂಡು ಅದನ್ನು ಎದುರಿಸುತ್ತಾರೆ. ಕನ್ನಡ ನಾಡಿನ ಬಯಲುಸೀಮೆಯಲ್ಲಿ ಹಿಮ ಬೀಳದು. ಆದರೆ ಇಲ್ಲಿಯೂ ಆಕಾಶದಿಂದ ಮಂಜುಗಡ್ಡೆ ಬೀಳುತ್ತದೆ. ಅದೇ ಆಲಿಕಲ್ಲು.

ಬಿಸಿಲು ಬಲಿಯುವ ಈ ದಿನಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ನೆಲ ಚೆನ್ನಾಗಿ ಕಾಯುತ್ತದೆ. ಕಾದ ಗಾಳಿ ಹಗುರಾಗಿ ಮೇಲೇರುತ್ತದೆ. ಕಡಲಿನ ಕಡೆಯಿಂದ ಬಂದ ತೇವವು ಅದರೊಡನೆ ಸೇರಿದಾಗ ಗೋಪುರದಂತಹ ಕರಿಮುಗಿಲು ಎದ್ದು ನಿಲ್ಲುತ್ತದೆ. ನೆಲದಿಂದ ಸುಮಾರು ನಾಲ್ಕೈದು ಕಿಲೋಮೀಟರ್ ಎತ್ತರವನ್ನು ದಾಟಿದರೆ ಅಲ್ಲಿನ ಉಷ್ಣತೆ ಸೊನ್ನೆಗಿಂತ ಕೆಳಗಿರುತ್ತದೆ. ಮೇಲೇರುವ ಗಾಳಿಯ ರಭಸಕ್ಕೆ ಸಿಕ್ಕ ಮಂಜಿನ ಕಣಕ್ಕೆ ಅಲ್ಲಿನ ನೀರಹನಿಗಳು ತಾಗಿ ಹೆಪ್ಪುಗಟ್ಟುತ್ತವೆ. ಪದರದ ಮೇಲೆ ಪದರ ಕಟ್ಟಿ ಅದು ಕಲ್ಲಾಗುತ್ತದೆ. ಗಾಳಿ ಹೊರಲಾರದಷ್ಟು ಭಾರವಾದಾಗ ನೆಲಕ್ಕೆ ಬೀಳುತ್ತದೆ. ಕಲ್ಲು ದೊಡ್ಡದಾದಷ್ಟೂ ಬೀಳುವ ವೇಗ ಹೆಚ್ಚು. ಅದರೊಡನೆ ಮುಗಿಲಿನ ತಂಪುಗಾಳಿಯೂ ಕೆಳಕ್ಕೆ ನುಗ್ಗಿ, ನೆಲಕ್ಕಪ್ಪಳಿಸಿ, ಬಿರುಗಾಳಿಯಾಗಿ ಸುತ್ತಲೂ ಹರಡುತ್ತದೆ.

ಈ ವಿಪತ್ತು ಎಷ್ಟು ಘೋರವಾಗಬಲ್ಲದೆಂಬುದಕ್ಕೆ ನಿದರ್ಶನಗಳುಂಟು. 1888ನೆಯ ಇಸವಿಯ ಏಪ್ರಿಲ್ 30ರಂದು ಉತ್ತರ ಪ್ರದೇಶದ ಮೊರಾದಾಬಾದಿನ ಬಳಿ ಸುರಿದ ಆಲಿಕಲ್ಲಿಗೆ 246 ಜನರು ಬಲಿಯಾದರು. 2014ರಲ್ಲಿ ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವಿನವರೆಗೆ ಮಹಾರಾಷ್ಟ್ರದಲ್ಲಿಯೂ ಅದಕ್ಕೆ ಹೊಂದಿಕೊಂಡ ಉತ್ತರ ಕರ್ನಾಟಕದಲ್ಲಿಯೂ ಮೇಲಿಂದ ಮೇಲೆ ಆಲಿಕಲ್ಲು ಮಳೆಯಾಯಿತು. ಮಾಗಿದ ಜೋಳ, ಗೋಧಿಗಳು ನೆಲಕಚ್ಚಿದವು. ದ್ರಾಕ್ಷಿಯ ತೋಟಗಳು ಹಾಳಾದವು.

ಇಂತಹ ಮಳೆ ಬಂದಾಗ ರೈತನ ಮನಸ್ಸು ಇಬ್ಬಂದಿಗೆ ಸಿಕ್ಕುತ್ತದೆ. ಕಣದಲ್ಲಿ ರಾಶಿಯಿದೆ, ಮರದಡಿಯಲ್ಲಿ ಎತ್ತು ಕಟ್ಟಿದೆ, ತಲೆಯ ಮೇಲೆ ಮಿಂಚು ಹೊಳೆಯುತ್ತಿದೆ. ಮನೆಯೊಳಗೆ ನಿಂತರೆ ಬೆಳೆ ಹೋಗುತ್ತದೆ, ಬಯಲಿಗೆ ಓಡಿದರೆ ಜೀವ ಹೋದೀತು. ರಾಶಿಯನ್ನು ಮುಚ್ಚಲು ಹೋದವರು, ಮರದ ಆಸರೆಗೆ ನಿಂತವರು ಸಿಡಿಲಿಗೆ ತುತ್ತಾಗುವ ಸುದ್ದಿ ಪ್ರತಿವರ್ಷವೂ ಕಿವಿಗೆ ಬೀಳುತ್ತದೆ. ಹೋದ ಬೆಳೆ ಮುಂದಿನ ವರ್ಷ ಬಂದೀತು. ಹೋದ ಜೀವ ಬಾರದು. ಇದನ್ನು ಅರಿಯದವರಿಲ್ಲ. ಆದರೂ ವರ್ಷದ ಅನ್ನ ಕಣ್ಣೆದುರು ನೆನೆಯುವಾಗ ಕಾಲು ತಾನಾಗಿ ಕಣದತ್ತ ಓಡುತ್ತದೆ. ಆದುದರಿಂದ ಜೀವವೋ ರಾಶಿಯೋ ಎಂಬ ಪ್ರಶ್ನೆಯೇ ಏಳದಂತೆ ಮಾಡುವುದು ಜಾಣತನ. ಮುನ್ಸಿದ್ಧತೆಯ ತಿರುಳು ಇದೇ.

ಮುನ್ಸಿದ್ಧತೆಯ ಕೆಲಸಗಳು ಶುಭ್ರವಾದ ಆಕಾಶದ ದಿನಗಳಲ್ಲಿಯೇ ಆಗಬೇಕು. ಕಣವನ್ನು ನೀರು ನಿಲ್ಲದ ಎತ್ತರದ ಸ್ಥಳದಲ್ಲಿ ಮಾಡಿ ಸುತ್ತಲೂ ಕಾಲುವೆ ತೋಡಬೇಕು. ಮಾಗಿದ ಪೈರನ್ನು ನಾಳೆಗೆಂದು ಬಿಡದೆ, ನೆರೆಹೊರೆಯವರು ಮುಯ್ಯಾಳಾಗಿ ಕೂಡಿ ಬೇಗ ಕೊಯ್ದು ಮುಗಿಸಬೇಕು. ಒಣಗಿದ ಕಾಳನ್ನು ಅಂದಂದೇ ಮನೆಗೆ ಸಾಗಿಸಬೇಕು. ತಾಡಪತ್ರಿಯು ಮನೆಯ ಮೂಲೆಯಲ್ಲಿರದೆ, ಹಗ್ಗ ಗೂಟಗಳ ಸಹಿತ ಕಣದಲ್ಲಿಯೇ ಇರಬೇಕು. ಸಂಜೆಗೆ ಮುಂಚೆ ರಾಶಿಯನ್ನು ಮುಚ್ಚಿ ಬಿಗಿಯುವುದು ರೂಢಿಯಾಗಬೇಕು. ತಗಡಿನ ಮಾಡಿನ ಮೇಲೆ ಬಿಡಿ ಕಲ್ಲು ಹೇರಿದರೆ ಸಾಲದು. ಬಿರುಗಾಳಿಗೆ ತಗಡು ಹಾರಿದಾಗ ಆ ಕಲ್ಲುಗಳೇ ಒಳಗಿದ್ದವರ ಮೇಲೆ ಬೀಳುತ್ತವೆ. ತಗಡನ್ನು ತೊಲೆಗೆ ಮೊಳೆ ತಿರುಪುಗಳಿಂದ ಭದ್ರಪಡಿಸಬೇಕು. ದನಕರುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಬೇಕೇ ಹೊರತು ಒಂಟಿ ಮರದಡಿಯಲ್ಲಿ ಅಲ್ಲ.

ಮುನ್ಸೂಚನೆಯೂ ಈಗ ದೂರದ ಮಾತಲ್ಲ. 1875ರಲ್ಲಿ ಸ್ಥಾಪನೆಯಾದ ಭಾರತೀಯ ಹವಾಮಾನ ಇಲಾಖೆಯೂ, 1988ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಆರಂಭವಾಗಿ ಬೆಳೆದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ಎಚ್ಚರಿಕೆಗಳನ್ನು ನೀಡುತ್ತವೆ. ಸಿಡಿಲಿನ ಸುಳಿವು ನೀಡುವ ‘ದಾಮಿನಿ’ಯಂತಹ ಸಾಧನ ಮೊಬೈಲಿನಲ್ಲಿಯೇ ದೊರೆಯುತ್ತದೆ. ಅದರೊಡನೆ ಹಿರಿಯರ ಕಣ್ಣೂ ಬೇಕು. ಉಸಿರುಗಟ್ಟಿಸುವ ಧಗೆಯ ನಡುವೆ ಮುಗಿಲು ಕಪ್ಪಾಗಿ, ಒಮ್ಮೆಗೇ ತಂಪುಗಾಳಿ ಬೀಸಿದರೆ ಮಳೆ ಹತ್ತಿರವಾಯಿತೆಂದೇ ತಿಳಿಯಬೇಕು. ಮಿಂಚು ಕಂಡ ಬಳಿಕ ಗುಡುಗು ಕೇಳುವುದಕ್ಕೆ ಮೂರು ಸೆಕೆಂಡು ಹಿಡಿದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರದಲ್ಲಿದೆ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಎಲ್ಲವನ್ನೂ ಬಿಟ್ಟು ಗಟ್ಟಿಯಾದ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗಿನ ತರುವಾಯ ಅರ್ಧ ಗಂಟೆ ಹೊರಗೆ ಬರಬಾರದು.

ಮಳೆ ನಿಂತ ಮೇಲೂ ಕರ್ತವ್ಯ ಮುಗಿಯದು. ಹೊಲದಲ್ಲಿ ನಿಂತ ನೀರನ್ನು ಹೊರಹಾಕಬೇಕು. ತೊಯ್ದ ತೆನೆಗಳನ್ನು ತೆಳುವಾಗಿ ಹರಡಿ ಒಣಗಿಸಬೇಕು. ಇಲ್ಲವಾದರೆ ಕಾಳಿಗೆ ಬೂಷ್ಟು ಹಿಡಿದು ಕಪ್ಪಾಗುತ್ತದೆ. ಬೆಳೆ ವಿಮೆ ಮಾಡಿಸಿದವರು ಹಾನಿಯನ್ನು 72 ಗಂಟೆಗಳೊಳಗೆ ತಿಳಿಸಬೇಕು.

ಆಲಿಕಲ್ಲನ್ನು ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ನಿಂತ ಪೈರನ್ನೆಲ್ಲ ಮುಚ್ಚಿಡುವುದೂ ಸಾಧ್ಯವಿಲ್ಲ. ಎಷ್ಟು ಎಚ್ಚರವಿದ್ದರೂ ಸ್ವಲ್ಪ ಹಾನಿ ತಪ್ಪದು. ಆದರೆ ಸಂಜೆಯೇ ಬಿಗಿದ ಒಂದು ಹಗ್ಗ, ಮೊದಲೇ ತೋಡಿದ ಒಂದು ಕಾಲುವೆ ರೈತನನ್ನು ಆ ಹೊತ್ತಿನಲ್ಲಿ ಮನೆಯೊಳಗೆ ನಿಶ್ಚಿಂತನಾಗಿ ನಿಲ್ಲಿಸಬಲ್ಲದು. ರಾಶಿ ಉಳಿದರೆ ವರ್ಷದ ಅನ್ನ ಉಳಿಯಿತು. ರೈತ ಉಳಿದರೆ ಮುಂದಿನ ಬಿತ್ತನೆಯೇ ಉಳಿಯಿತು.